ಎಚ್‌ಎಎಲ್ ಏರೋಸ್ಪೇಸ್ ಮ್ಯೂಸಿಯಂ: ಹಳೆ ಯುದ್ಧವಿಮಾನಗಳನ್ನು ರಿವೆಟ್ ರಿವೆಟ್ ಆಗಿ ನೋಡುವವರಿಗೆ

ಹಳೆ ಯುದ್ಧವಿಮಾನಗಳ ಹುಚ್ಚು ಹತ್ತಿದವರು ಬೆಂಗಳೂರಿಗೆ ಬಂದರೆ ಮೊದಲು ಎಲ್ಲಿಗೆ ಹೋಗಬೇಕು? ಯಾರು ಕೇಳಿದರೂ ನನ್ನ ಉತ್ತರ ಒಂದೇ. ಹಳೆ ಏರ್‌ಪೋರ್ಟ್ ರಸ್ತೆಯಲ್ಲಿರುವ, ವಿಮಾನ ತಯಾರಿಸುವ ಹಿಂದೂಸ್ತಾನ್ ಏರೋನಾಟಿಕ್ಸ್ ಕಂಪನಿಯ ಎಚ್‌ಎಎಲ್ ಹೆರಿಟೇಜ್ ಸೆಂಟರ್ ಮತ್ತು ಏರೋಸ್ಪೇಸ್ ಮ್ಯೂಸಿಯಂ. 2001ರಲ್ಲಿ ಶುರುವಾದದ್ದು. ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ಮ್ಯೂಸಿಯಂ ಇದಕ್ಕಿಂತ ದೊಡ್ಡದು. ಅಲ್ಲಿ ಸ್ಪಿಟ್‌ಫೈರ್ ಇದೆ, ಹರಿಕೇನ್ ಇದೆ, ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರ್ ಇದೆ. ಆದರೂ ನನಗೆ ಇದೇ ಜಾಸ್ತಿ ಇಷ್ಟ. ಯಾಕೆಂದರೆ ಇಲ್ಲಿ ನಿಂತಿರುವ ವಿಮಾನಗಳಲ್ಲಿ ಬಹಳಷ್ಟು ಇದೇ ರಸ್ತೆಯ ಆಸುಪಾಸಿನ ಶೆಡ್ಡುಗಳಲ್ಲಿ ಹುಟ್ಟಿದವು. ಅವುಗಳ ತಗಡು ಬಗ್ಗಿಸಿದವರು, ತಗಡು ಕೂಡಿಸುವ ರಿವೆಟ್ ಮೊಳೆ ಹೊಡೆದವರು, ಎಂಜಿನ್ ಕೂಡಿಸಿದವರು ವಿಮಾನಪುರ, ಮುರುಗೇಶಪಾಳ್ಯ, ಮಾರತ್ತಹಳ್ಳಿ ಕಡೆ ಸಂಸಾರ ಮಾಡಿಕೊಂಡು ಇದ್ದವರು.

ನಾನು ಪೀಣ್ಯದಲ್ಲಿ ಶೀಟ್ ಮೆಟಲ್ ಕೆಲಸ ಮಾಡುವವನು. ವಿಮಾನದ ಮುಂದೆ ನಿಂತರೆ ನನ್ನ ಕಣ್ಣು ಮೊದಲು ಹೋಗುವುದು ರಿವೆಟ್ ಸಾಲಿಗೆ. ಆಮೇಲೆ ಪ್ಯಾನೆಲ್‌ಗಳ ಸಂದಿಗೆ. ಯುದ್ಧದ ಕಥೆ ಅದರ ನಂತರ. ಹಾಗಾಗಿ ಈ ವಿಮರ್ಶೆಯೂ ಅದೇ ದಾರಿಯಲ್ಲಿ ಹೋಗುತ್ತದೆ.

ಮಾರುತ್ ಮುಂದೆ ಜಾಸ್ತಿ ಹೊತ್ತು ನಿಲ್ಲಿ. ಎಚ್‌ಎಫ್-24 ಮಾರುತ್, ಭಾರತದಲ್ಲೇ ವಿನ್ಯಾಸಗೊಂಡು ಭಾರತದಲ್ಲೇ ತಯಾರಾದ ಮೊದಲ ಜೆಟ್ ಯುದ್ಧವಿಮಾನ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಫೋಕೆ-ವುಲ್ಫ್ 190 ಮಾಡಿದ್ದ ಕುರ್ಟ್ ಟ್ಯಾಂಕ್ ಯುದ್ಧ ಮುಗಿದ ಮೇಲೆ ಅರ್ಜೆಂಟೀನಾಕ್ಕೆ ಹೋಗಿದ್ದರು. ಅಲ್ಲಿಂದ 1956ರಲ್ಲಿ ಬೆಂಗಳೂರಿಗೆ ಬಂದರು. ಇಲ್ಲಿನ ಎಂಜಿನಿಯರ್‌ಗಳನ್ನು ಕಟ್ಟಿಕೊಂಡು ಅವರು ಮಾಡಿದ್ದೇ ಇದು. ಉದ್ದ ಸುಮಾರು 16 ಮೀಟರ್, ರೆಕ್ಕೆಯ ಹರವು 9 ಮೀಟರ್ ಅಷ್ಟೇ. ಪಕ್ಕದಿಂದ ನೋಡಿ ಸುಮ್ನೆ ಮುಂದೆ ಹೋಗಬೇಡಿ. ಮೂಗಿನ ನೇರಕ್ಕೆ ನಿಂತು ಒಮ್ಮೆ, ಬಾಲದ ಹಿಂದೆ ನಿಂತು ಒಮ್ಮೆ ನೋಡಿ. ರೆಕ್ಕೆ ಕೂಡುವ ಜಾಗದಲ್ಲಿ ಒಡಲು ಸೊಂಟದ ಹಾಗೆ ಸಣ್ಣಗಾಗುತ್ತದೆ. ಶಬ್ದದ ವೇಗದ ಹತ್ತಿರ ಹೋದಾಗ ಗಾಳಿಯ ಅಡೆತಡೆ ತುಂಬಾ ಏರುತ್ತದೆ. ರೆಕ್ಕೆ ಶುರುವಾಗುವ ಕಡೆ ಒಡಲನ್ನು ಕಿರಿದು ಮಾಡಿದರೆ ಅದು ಕಡಿಮೆಯಾಗುತ್ತದೆ. ಲೆಕ್ಕ ಹಾಕುವುದು ಒಂದು ಕೆಲಸ, ಆ ಲೆಕ್ಕವನ್ನು ತಗಡಿನಲ್ಲಿ ತರುವುದು ಇನ್ನೊಂದು ಕೆಲಸ. ಎರಡು ದಿಕ್ಕಿಗೂ ಬಾಗಿದ ತಗಡನ್ನು ಸುಕ್ಕಿಲ್ಲದೆ ಕೂರಿಸುವುದು ಎಷ್ಟು ಕಷ್ಟ ಅಂತ ಈ ಕಸುಬಿನವರಿಗೆ ಗೊತ್ತು. ಆ ಕಾಲದಲ್ಲಿ ಅದನ್ನು ಬೆಂಗಳೂರಿನ ಕೈಗಳು ಮಾಡಿದವು. ನನಗೆ ಅದನ್ನು ಎಷ್ಟು ನೋಡಿದರೂ ಸಾಲದು.

ಗಾಳಿ ಒಳಗೆ ಹೋಗುವ ಬಾಯಿಗಳನ್ನೂ ನೋಡಿ. ಕಾಕ್‌ಪಿಟ್‌ನ ಎರಡು ಪಕ್ಕ ಅರ್ಧ ವೃತ್ತದ ಬಾಯಿ, ನಡುವೆ ಅರ್ಧ ಕೋನ್. ಶಬ್ದವನ್ನು ಮೀರಿ ಹಾರುವ ಆಸೆ ಇಟ್ಟುಕೊಂಡು ಕೊರೆದ ಬಾಯಿ ಅದು. ಆಸೆ ಈಡೇರಲಿಲ್ಲ. ಕುರ್ಟ್ ಟ್ಯಾಂಕ್ ಲೆಕ್ಕ ಹಾಕಿದ್ದು ಬ್ರಿಟನ್ನಿನ ಆರ್ಫಿಯಸ್ ಜೆಟ್ ಎಂಜಿನ್ನಿನ ಹೆಚ್ಚು ಬಲದ ಇನ್ನೊಂದು ಮಾದರಿಗೆ. ಬ್ರಿಟನ್ ಅದರ ಕೆಲಸ ನಿಲ್ಲಿಸಿತು. ನಮಗೆ ಉಳಿದದ್ದು ಆರ್ಫಿಯಸ್ 703, ಅದರಲ್ಲಿ ಎರಡು. ಬೇರೆ ಎಂಜಿನ್‌ಗಾಗಿ ಹುಡುಕಾಟ ಈಜಿಪ್ಟ್‌ವರೆಗೂ ಹೋಯಿತು. 1967ರಲ್ಲಿ ಹೆಲ್ವಾನ್‌ನಲ್ಲಿ ಈಜಿಪ್ಟಿನ ಎಂಜಿನ್ ಹಾಕಿದ ಒಂದು ಮಾರುತ್ ಅನ್ನು ನಮ್ಮ ಟೆಸ್ಟ್ ಪೈಲಟ್ ಕಪಿಲ್ ಭಾರ್ಗವ ಹಾರಿಸಿದರು. ಅದೂ ಕೂಡಿ ಬರಲಿಲ್ಲ. ಮಾರುತ್ ಸೋತ ವಿಮಾನ ಅಂತ ಬರೆಯುವವರು ಈ ಎಂಜಿನ್ ಕಥೆಯಲ್ಲೇ ನಿಂತುಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಒಟ್ಟು 147 ಮಾರುತ್‌ಗಳು ತಯಾರಾದವು. 1967ರಲ್ಲಿ ವಾಯುಪಡೆಯ ಸ್ಕ್ವಾಡ್ರನ್ ಸೇರಿದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ತಗ್ಗಿನಲ್ಲಿ ಹಾರಿ ದಾಳಿ ಮಾಡಿದವು. ಪೆಟ್ಟು ತಿಂದು ಒಂದೇ ಎಂಜಿನ್ನಿನಲ್ಲಿ ವಾಪಸ್ ಬಂದವೂ ಇವೆ. ಏರ್‌ಫ್ರೇಮ್, ಅಂದರೆ ಎಂಜಿನ್ ಬಿಟ್ಟು ವಿಮಾನದ ಮೈಕಟ್ಟು, ಗಟ್ಟಿ ಇತ್ತು. ಅದನ್ನು ಕಟ್ಟಿದವರ ಕೈ ಗಟ್ಟಿ ಇತ್ತು.

ಮ್ಯೂಸಿಯಂನಿಂದ ಹೊರಟು ಹಳೆ ಮದ್ರಾಸ್ ರಸ್ತೆ ಕಡೆ ಹೋಗುವವರು ಸುರಂಜನ್ ದಾಸ್ ರಸ್ತೆ ಹಿಡಿಯುತ್ತಾರೆ. ದಿನಾ ಅದರ ಮೇಲೆ ಓಡಾಡುವ ಎಷ್ಟೋ ಜನಕ್ಕೆ ದಾಸ್ ಯಾರು ಅಂತ ಗೊತ್ತಿಲ್ಲ. ಎಚ್‌ಎಎಲ್‌ನ ಟೆಸ್ಟ್ ಪೈಲಟ್ ಅವರು. ಜೆಟ್ ತಯಾರಾಗುವ ಮುಂಚೆಯೇ, 1959ರಲ್ಲಿ, ಮಾರುತ್‌ನ ಅಳತೆಯದ್ದೇ ಮರದ ಗ್ಲೈಡರ್ ಮಾಡಿದ್ದರು. ಡಕೋಟ ಅನ್ನುವ ಸಾಗಣೆ ವಿಮಾನವೊಂದು ಅದನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಅಲ್ಲಿ ಹಗ್ಗ ಬಿಚ್ಚಿಕೊಂಡು, ಎಂಜಿನ್ನೇ ಇಲ್ಲದ ಯುದ್ಧವಿಮಾನವನ್ನು ದಾಸ್ ಕೆಳಗಿಳಿಸುತ್ತಿದ್ದರು. ಹೀಗೆ ಅದರ ನಡತೆ ಅರಿತುಕೊಂಡ ಮೇಲೆ 1961ರ ಜೂನ್ 17ರಂದು ನಿಜವಾದ ಮಾರುತ್ ಅನ್ನು ಮೊದಲ ಸಲ ಹಾರಿಸಿದವರೂ ಅವರೇ. 1970ರ ಜನವರಿ 10ರಂದು ಪಕ್ಕದ ಎಚ್‌ಎಎಲ್ ರನ್‌ವೇಯಿಂದಲೇ ಮಾರುತ್‌ನ ಹೊಸ ಮಾದರಿಯೊಂದನ್ನು ಏರಿಸಿದ ಕೂಡಲೇ ಅಪಘಾತವಾಗಿ ತೀರಿಕೊಂಡರು. ಮಕ್ಕಳನ್ನು ಕರೆದುಕೊಂಡು ಹೋಗುವವರು ಮಾರುತ್ ಪಕ್ಕ ನಿಂತು ಈ ಹೆಸರು ಹೇಳಿ. ರಸ್ತೆಯ ಬೋರ್ಡನ್ನು ಆಮೇಲೆ ಅವರೇ ಗುರುತು ಹಿಡಿಯುತ್ತಾರೆ.

ಒಳಗಿನ ಹಾಲ್‌ಗಳಿಗೆ ಬರೋಣ. ಒಂದರಲ್ಲಿ 1940ರಿಂದ ಈಚೆಗಿನ ಕಥೆ ಫೋಟೋಗಳಲ್ಲಿದೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಕಂಪನಿ ಶುರು ಮಾಡಿದ್ದು 1940ರ ಡಿಸೆಂಬರ್‌ನಲ್ಲಿ. ಎರಡನೇ ಮಹಾಯುದ್ಧ ಜೋರಾದಾಗ ಅಮೆರಿಕದ ವಾಯುಸೇನೆ ಇಡೀ ಕಾರ್ಖಾನೆಯನ್ನು ತನ್ನ ರಿಪೇರಿ ಡಿಪೋ ಮಾಡಿಕೊಂಡಿತು. ಬರ್ಮಾ ಕಡೆಯ ಯುದ್ಧದಲ್ಲಿ ಸೋತು ಸುಣ್ಣವಾದ ವಿಮಾನಗಳು ಇಲ್ಲಿಗೆ ಬರುತ್ತಿದ್ದವು. ಕ್ಯಾಟಲಿನಾ ಅನ್ನುವ ನೀರಿನ ಮೇಲೆ ಇಳಿಯುವ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಇಂದಿನ ಬೆಳ್ಳಂದೂರು ಕೆರೆ ನೋಡಿದವರಿಗೆ ನಂಬುವುದೇ ಕಷ್ಟ, ಅಲ್ವಾ?

ಇಷ್ಟೆಲ್ಲ ಹೇಳುವುದಕ್ಕೆ ಕಾರಣ ಇದೆ. ಹಳೆ ಯುದ್ಧವಿಮಾನಗಳ ರೆಸ್ಟೊರೇಷನ್, ಅಂದರೆ ಅವುಗಳನ್ನು ಮತ್ತೆ ಮೊದಲಿನ ಹಾಗೆ ಮಾಡುವ ಕೆಲಸ, ಇಂಗ್ಲೆಂಡಿನ, ಅಮೆರಿಕದ ಹವ್ಯಾಸ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಆದರೆ ಆ ಕೆಲಸವನ್ನು ಬೆಂಗಳೂರು 1948ರಲ್ಲೇ ಮಾಡಿತ್ತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿ-24 ಲಿಬರೇಟರ್ ಬಾಂಬರ್‌ಗಳ ರಾಶಿಯೇ ಉಳಿದಿತ್ತು. ಬಿಟ್ಟು ಹೋಗುವವರು ಬೇಕಂತಲೇ ಅವುಗಳನ್ನು ಹಾಳು ಮಾಡಿದ್ದರು, ಮತ್ತೆ ಯಾರೂ ಬಳಸಬಾರದು ಅಂತ. ಹೊಸ ದೇಶದ ವಾಯುಪಡೆಗೆ ಬಾಂಬರ್ ಬೇಕಿತ್ತು, ಕೊಳ್ಳಲು ದುಡ್ಡಿರಲಿಲ್ಲ. ಎಚ್‌ಎಎಲ್‌ನವರು ಕಾನ್ಪುರಕ್ಕೆ ಹೋದರು. ಆ ರಾಶಿಯಿಂದ ಒಂದೊಂದನ್ನೇ ಆರಿಸಿ, ಅಲ್ಲಲ್ಲೇ ತೇಪೆ ಹಾಕಿ, ಹಾರುವ ಮಟ್ಟಕ್ಕೆ ತಂದರು. ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಷಿ ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ಬಿಚ್ಚಿ ಕಟ್ಟಿದರು. ಹೀಗೆ ಸುಮಾರು 40 ಲಿಬರೇಟರ್‌ಗಳು ಮತ್ತೆ ಬದುಕಿದವು. 1968ರವರೆಗೂ ನಮ್ಮ ವಾಯುಪಡೆಯಲ್ಲಿ ಹಾರಿದವು.

ಅಷ್ಟು ಹೊತ್ತಿಗೆ ಉಳಿದ ದೇಶಗಳಲ್ಲಿ ಲಿಬರೇಟರ್‌ಗಳು ಹೆಚ್ಚು ಕಡಿಮೆ ಗುಜರಿ ಸೇರಿಬಿಟ್ಟಿದ್ದವು. 18,000ಕ್ಕೂ ಹೆಚ್ಚು ತಯಾರಾಗಿದ್ದ ವಿಮಾನ ಅದು. ಇಂದು ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿ, ಕೆನಡಾದ ಒಟ್ಟಾವಾದಲ್ಲಿ, ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಂನಲ್ಲಿ ನಿಂತಿರುವ ಲಿಬರೇಟರ್‌ಗಳು ಭಾರತದಿಂದ ಹೋದವು. ಅಮೆರಿಕದಲ್ಲಿ 1989ರಲ್ಲಿ ರೆಸ್ಟೊರೇಷನ್ ಮುಗಿಸಿ ಮತ್ತೆ ಹಾರಿದ ಕಾಲಿಂಗ್ಸ್ ಫೌಂಡೇಷನ್ನಿನ ಲಿಬರೇಟರ್ ಕೂಡ ಭಾರತದ್ದೇ. ಅಲ್ಲಿನ ಉತ್ಸಾಹಿಗಳು ಅದನ್ನು ನೋಡುವಾಗ ನಮ್ಮ ಕಾರ್ಖಾನೆಯ ಕೆಲಸವನ್ನೂ ನೋಡುತ್ತಿರುತ್ತಾರೆ. ಈ ಮ್ಯೂಸಿಯಂಗೆ ಹೋಗುವ ಮುನ್ನ ಇದೊಂದು ವಿಷಯ ಗೊತ್ತಿರಬೇಕು. ಆಗ ಆ 1940ರ ದಶಕದ ಕಪ್ಪು ಬಿಳುಪು ಫೋಟೋಗಳಿಗೆ ಬೇರೆಯೇ ತೂಕ ಬರುತ್ತದೆ.

ಎಂಜಿನ್‌ಗಳ ಹಾಲ್‌ಗೆ ನಾನು ನಮ್ಮ ಸೋದರಮಾವನ ಜೊತೆ ಹೋಗುತ್ತೇನೆ. ಎಂಜಿನ್ ಡಿವಿಷನ್ನಿನಲ್ಲಿ ದುಡಿದು ರಿಟೈರ್ ಆದವರು ಅವರು. ಅಲ್ಲಿ ಎಂಜಿನ್‌ಗಳನ್ನು ಸೀಳಿ ಒಳಗಿನದು ಕಾಣುವಂತೆ ಇಟ್ಟಿದ್ದಾರೆ. ಆರ್ಫಿಯಸ್ ಮುಂದೆ ಮಾವ ನಿಂತರೆ ಅರ್ಧ ಗಂಟೆ ಕದಲುವುದಿಲ್ಲ. ಗಾಳಿಯನ್ನು ಒತ್ತುವ ಕಂಪ್ರೆಸರ್‌ನ ಏಳು ಸಾಲು ಬ್ಲೇಡುಗಳನ್ನು ಬೆರಳು ತೋರಿಸಿ ಎಣಿಸುತ್ತಾರೆ. ಮುಂದಿನ ಸಾಲಿನ ಬ್ಲೇಡ್ ಉದ್ದ, ಹಿಂದೆ ಹಿಂದೆ ಹೋದ ಹಾಗೆ ಗಿಡ್ಡ. ಗಾಳಿ ಒತ್ತಿಕೊಂಡ ಹಾಗೆ ಅದಕ್ಕೆ ಜಾಗ ಕಡಿಮೆ ಸಾಕು. ಇದೇ ಎಂಜಿನ್ ನ್ಯಾಟ್ ಅನ್ನುವ ಪುಟ್ಟ ಯುದ್ಧವಿಮಾನಕ್ಕೆ ಒಂದು, ಮಾರುತ್‌ಗೆ ಎರಡು, ಕಿರಣ್ ಮಾರ್ಕ್ 2 ತರಬೇತಿ ವಿಮಾನಕ್ಕೆ ಒಂದು. ಒಂದು ಬ್ಲೇಡಿನ ಮೇಲೆ ಉಗುರಿಗೆ ಸಿಗುವಷ್ಟು ಗೀರಿದ್ದರೂ ಅದನ್ನು ಪಕ್ಕಕ್ಕಿಡುತ್ತಿದ್ದೆವು ಎಂದು ಮಾವ ಹೇಳುತ್ತಾರೆ. ಸಣ್ಣ ಗೀರು ಬಿರುಕಾಗುತ್ತದೆ, ಬಿರುಕು ಬಿಟ್ಟ ಬ್ಲೇಡ್ ಮುರಿದರೆ ಹಿಂದಿನ ಸಾಲುಗಳನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಅವರು ಹೀಗೆ ಹೇಳುವಾಗ ಸುತ್ತ ಜನ ಸೇರುತ್ತಾರೆ. ಕಾಲೇಜು ಹುಡುಗರು ಪ್ರಶ್ನೆ ಕೇಳುತ್ತಾರೆ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಕಾರ್ಖಾನೆಯಲ್ಲಿ ದುಡಿದ ಹಿರಿಯರು ಇದ್ದರೆ ದಯವಿಟ್ಟು ಅವರನ್ನು ಕರೆದುಕೊಂಡು ಹೋಗಿ. ಅವರು ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಏರ್‌ಫ್ರೇಮ್ ಉಳಿಸುವಷ್ಟೇ ಮುಖ್ಯ ಕೆಲಸ ಅದು.

ಹೊರಗಿನ ಬೇರೆ ವಿಮಾನಗಳಲ್ಲಿ ಅಜೀತ್ ನೋಡಿದರೆ ಮಕ್ಕಳು ಆಟಿಕೆ ಎನ್ನುತ್ತಾರೆ, ಅಷ್ಟು ಪುಟ್ಟದು. ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ನ್ಯಾಟ್‌ನ ಸುಧಾರಿಸಿದ ರೂಪ, 1975ರಲ್ಲಿ ಮೊದಲು ಹಾರಿತು. ನ್ಯಾಟ್‌ನಲ್ಲಿ ರೆಕ್ಕೆಯ ಕೆಳಗೆ ತೂಗು ಹಾಕುತ್ತಿದ್ದ ಇಂಧನವನ್ನು ಇದರಲ್ಲಿ ರೆಕ್ಕೆಯ ಒಳಕ್ಕೇ ತುಂಬಿಸುವಂತೆ ಮಾಡಿದರು. ಅಂದರೆ ರೆಕ್ಕೆಯ ಪ್ರತಿ ರಿವೆಟ್ಟೂ ಸೋರದಂತೆ ಸೀಲ್ ಆಗಬೇಕು! ಶ್ರೀನಗರದ ಮೇಲೆ 1971ರ ಡಿಸೆಂಬರ್ 14ರಂದು ನಿರ್ಮಲ್ ಜಿತ್ ಸಿಂಗ್ ಸೆಖೋಂ ಒಬ್ಬರೇ ಹೋರಾಡಿ ಪ್ರಾಣ ಕೊಟ್ಟದ್ದು ನ್ಯಾಟ್‌ನಲ್ಲಿ. ವಾಯುಪಡೆಗೆ ಸಿಕ್ಕ ಒಂದೇ ಪರಮವೀರ ಚಕ್ರ ಅವರದು.

ಕ್ಯಾನ್‌ಬೆರಾ ಬಾಂಬರ್ ಇದರ ತದ್ವಿರುದ್ಧ, ಅಗಲ ರೆಕ್ಕೆಯ ದೊಡ್ಡ ವಿಮಾನ. ನ್ಯಾಟ್ ಮತ್ತು ಕ್ಯಾನ್‌ಬೆರಾ ಎರಡನ್ನೂ ವಿನ್ಯಾಸ ಮಾಡಿದವರು ಒಬ್ಬರೇ, ಇಂಗ್ಲೆಂಡಿನ ಪೆಟ್ಟರ್. ನಮ್ಮ ವಾಯುಪಡೆಯಲ್ಲಿ ಕ್ಯಾನ್‌ಬೆರಾ 1957ರಿಂದ 2007ರವರೆಗೆ, 50 ವರ್ಷ ದುಡಿಯಿತು. ಅದರ ಬಾಲದ ನೆಟ್ಟನೆಯ ಫಿನ್ ಇದೆಯಲ್ಲ, ಅದರ ಮುಂಭಾಗ ಮರದ್ದು. ಜೆಟ್ ಬಾಂಬರ್‌ನಲ್ಲಿ ಮರ! ರೆಸ್ಟೊರೇಷನ್ ಮಾಡುವವರಿಗೆ ಇದು ಬೇರೆಯದೇ ತಲೆನೋವು. ಅಲ್ಯೂಮಿನಿಯಂಗೆ ಒಂದು ಔಷಧಿ, ಮರಕ್ಕೆ ಇನ್ನೊಂದು.

ಎಚ್‌ಟಿ-2 ಟ್ರೈನರ್ ಅನ್ನು ಬಹಳ ಜನ ಗಮನಿಸದೆ ದಾಟಿ ಹೋಗುತ್ತಾರೆ. ಮುಂದೊಂದು ಪ್ರೊಪೆಲರ್, ಹಿಂದೆ ಮುಂದೆ ಎರಡು ಸೀಟು. ಡಾ. ವಿ.ಎಂ. ಘಾಟಗೆ ನೇತೃತ್ವದಲ್ಲಿ ಇಲ್ಲೇ ವಿನ್ಯಾಸವಾಗಿ 1951ರಲ್ಲಿ ಹಾರಿತು. 160ಕ್ಕೂ ಹೆಚ್ಚು ತಯಾರಾದವು. ಘಾನಾ ದೇಶಕ್ಕೂ 12 ಹೋದವು. ನಮ್ಮ ಪೈಲಟ್‌ಗಳ ಒಂದು ತಲೆಮಾರು ಹಾರಲು ಕಲಿತದ್ದು ಇದರಲ್ಲಿ.

ಹಳೆ ವಿಮಾನವನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವುದು ನನ್ನ ತಲೆಯಲ್ಲಿ ಯಾವಾಗಲೂ ಓಡುವ ವಿಷಯ. ಬಯಲಲ್ಲಿ ನಿಂತ ವಿಮಾನಕ್ಕೆ ಮೊದಲ ಶತ್ರು ನೀರು. ಒಡಲಿನ ಕೆಳಗೆ ನೀರು ಬಸಿದು ಹೋಗಲು ಸಣ್ಣ ತೂತುಗಳಿರುತ್ತವೆ. ಎಲೆ, ಧೂಳು ಸೇರಿ ಅವು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಅಲ್ಯೂಮಿನಿಯಂ ತಗಡಿಗೆ ಉಕ್ಕಿನ ಬೋಲ್ಟ್ ತಾಗುವ ಕಡೆ ನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತ ಹೋಗುತ್ತದೆ. ಮೇಲಿನ ಬಣ್ಣ ಚೆನ್ನಾಗಿಯೇ ಕಾಣುತ್ತದೆ, ಒಳಗೆ ತಗಡೇ ಇರುವುದಿಲ್ಲ. ಎರಡನೆಯದು ಹಕ್ಕಿಗಳು. ಎಂಜಿನ್ ಬಾಯಿ ಮುಚ್ಚದಿದ್ದರೆ ಗೂಡು ಗ್ಯಾರಂಟಿ. ಹಿಕ್ಕೆ ಬಣ್ಣವನ್ನೂ ಲೋಹವನ್ನೂ ತಿನ್ನುತ್ತದೆ. ಬಿಸಿಲಿಗೆ ಕಾಕ್‌ಪಿಟ್ ಮುಚ್ಚುವ ಕ್ಯಾನೊಪಿಯ ಪ್ಲಾಸ್ಟಿಕ್ ಹಳದಿಯಾಗಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಟೈರ್ ಒಂದೇ ಕಡೆ ಭಾರ ಹೊತ್ತು ಒಡೆಯುತ್ತದೆ. ಅದಕ್ಕೇ ತಿಳಿದವರು ವಿಮಾನದ ತೂಕವನ್ನು ಸ್ಟ್ಯಾಂಡ್ ಮೇಲೆ ಹಾಕುತ್ತಾರೆ. ಕಡಲ ಗಾಳಿಯ ಉಪ್ಪು ಇಲ್ಲದಿರುವುದು ಬೆಂಗಳೂರಿನ ಪುಣ್ಯ.

ಎಲ್ಲಕ್ಕಿಂತ ದೊಡ್ಡ ಹಾನಿ ಮಾಡುವುದು ಒಳ್ಳೆಯ ಮನಸ್ಸಿನ ಪೇಂಟ್ ಡಬ್ಬ. ಒಂದು ಊರಿನ ಪಾರ್ಕಿನಲ್ಲಿ ಕಂಬದ ಮೇಲೆ ನಿಲ್ಲಿಸಿದ ಮಿಗ್ ನೋಡಿದೆ. ಯಾವ ಊರು ಅಂತ ಬೇಡ. ಗೋಡೆಗೆ ಬಳಿಯುವ ಬಣ್ಣವನ್ನು ಮೂಗಿನಿಂದ ಬಾಲದವರೆಗೆ ಬಳಿದಿದ್ದರು. ಬಾಲದ ಮೇಲಿನ ಸೀರಿಯಲ್ ನಂಬರ್ ಮುಚ್ಚಿ ಹೋಗಿತ್ತು. ಪ್ಯಾನೆಲ್‌ಗಳ ಮೇಲಿನ ಸಣ್ಣ ಅಕ್ಷರಗಳು, ಇಲ್ಲಿ ಕಾಲಿಡಬೇಡಿ, ಇಲ್ಲಿ ಎಣ್ಣೆ ಹಾಕಿ ಅನ್ನುವ ಸೂಚನೆಗಳು, ಒಂದೂ ಉಳಿದಿರಲಿಲ್ಲ. ನನಗೆ ಹೊಟ್ಟೆ ಉರಿಯಿತು. ಆ ನಂಬರ್ ಇದ್ದರೆ ಆ ವಿಮಾನ ಯಾವ ಸ್ಕ್ವಾಡ್ರನ್ನಿನಲ್ಲಿತ್ತು, ಎಲ್ಲೆಲ್ಲಿ ಹಾರಿತು ಎಂದು ಹುಡುಕಬಹುದು. ನಂಬರ್ ಹೋದರೆ ಅದು ಯಾವುದೋ ಒಂದು ಮಿಗ್, ಅಷ್ಟೇ. ನಿಮ್ಮ ಊರಿನಲ್ಲಿ ಇಂಥ ವಿಮಾನ ಇದ್ದರೆ ಮುಂದಿನ ಸಲ ಬಣ್ಣ ಬಳಿಯುವ ಮುಂಚೆ ಎಲ್ಲ ಅಕ್ಷರ, ನಂಬರ್‌ಗಳ ಫೋಟೋ ತೆಗೆದಿಡಿ. ಬಳಿಯುವವರಿಗೆ ತೋರಿಸಿ.

ಸರಿಯಾಗಿ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ವಾಯುಪಡೆಯ ಡಕೋಟ ಸಾಕ್ಷಿ. ಆಗ ಕರ್ನಾಟಕದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್, ಡಕೋಟ ಪೈಲಟ್ ಆಗಿದ್ದ ತಮ್ಮ ತಂದೆಯ ಗೌರವಕ್ಕಾಗಿ ಒಂದು ಹಳೆ ಡಕೋಟವನ್ನು ಬ್ರಿಟನ್ನಿನಲ್ಲಿ ರೆಸ್ಟೋರ್ ಮಾಡಿಸಿ ವಾಯುಪಡೆಗೆ ಕೊಟ್ಟರು. ಅದು ಇಂಗ್ಲೆಂಡಿನಿಂದ ಹಾರಿಕೊಂಡೇ ಬಂದು 2018ರ ಮೇ ತಿಂಗಳಲ್ಲಿ ದೆಹಲಿ ಹತ್ತಿರದ ಹಿಂಡನ್ ವಾಯುನೆಲೆಯಲ್ಲಿ ಸೇವೆಗೆ ಸೇರಿತು. ಹೆಸರು ಪರಶುರಾಮ, ನಂಬರ್ ವಿಪಿ905. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ ಡಕೋಟದ ನಂಬರನ್ನೇ ಇದಕ್ಕೆ ಕೊಟ್ಟಿದ್ದಾರೆ. 2021ರ ಗಣರಾಜ್ಯೋತ್ಸವದಲ್ಲಿ ದೆಹಲಿಯ ಮೇಲೆ ಹಾರಿತು. ಆ ಎರಡು ಪಿಸ್ಟನ್ ಎಂಜಿನ್ನುಗಳ ಗುಡುಗು ಒಮ್ಮೆ ಕೇಳಿದರೆ ಸಾಕು, ಈ ಹುಚ್ಚು ಯಾಕೆ ಅಂತ ಮತ್ತೆ ಯಾರಿಗೂ ವಿವರಿಸಬೇಕಾಗಿಲ್ಲ. ಬೆಂಗಳೂರಿನಲ್ಲಿ ಒಂದು ಎಚ್‌ಟಿ-2 ಹೀಗೆ ಮತ್ತೆ ಹಾರುವುದನ್ನು ನೋಡಬೇಕು ಅನ್ನುವುದು ನನ್ನ ದೊಡ್ಡ ಆಸೆ. ಸಣ್ಣ ವಿಮಾನ, ಸರಳ ಎಂಜಿನ್. ಮಾಡಬಲ್ಲ ಕೈಗಳು ಈ ಊರಿನಲ್ಲಿ ಈಗಲೂ ಇವೆ.

ಹೋಗುವವರಿಗೆ ಒಂದೆರಡು ಮಾತು. ಬೆಳಿಗ್ಗೆ ಬೇಗ ಹೋಗಿ. ಬಿಸಿಲು ಓರೆಯಾಗಿ ಬೀಳುವಾಗ ರಿವೆಟ್ ಸಾಲುಗಳು ಚೆನ್ನಾಗಿ ಎದ್ದು ಕಾಣುತ್ತವೆ, ಫೋಟೋಗೂ ಅದೇ ಒಳ್ಳೆಯದು. ಹೊರಗಿನ ವಿಮಾನಗಳನ್ನು ಮೊದಲು ಮುಗಿಸಿ, ಬಿಸಿಲು ಏರಿದ ಮೇಲೆ ಹಾಲ್‌ಗಳ ಒಳಗೆ ಹೋಗಿ. ಮಕ್ಕಳು ಸಿಮ್ಯುಲೇಟರ್ ಕಡೆ ಓಡುತ್ತಾರೆ, ಓಡಲಿ. ನೀವು ಅಷ್ಟರಲ್ಲಿ ಎಂಜಿನ್‌ಗಳನ್ನು ನೋಡಿ. ಪಕ್ಕದ ಎಚ್‌ಎಎಲ್ ರನ್‌ವೇಯಿಂದ ಹೆಲಿಕಾಪ್ಟರ್, ಕೆಲವೊಮ್ಮೆ ತೇಜಸ್ ಏರುವ ಸದ್ದು ಕೇಳಿಸಿದರೆ ಅದೃಷ್ಟ. ವಿಮಾನಗಳ ಮೇಲೆ ಹತ್ತಬೇಡಿ, ಹೊರಗೆ ಚಾಚಿಕೊಂಡಿರುವ, ವೇಗ ಅಳೆಯುವ ಪಿಟೋ ಟ್ಯೂಬ್ ಹಿಡಿದು ಜಗ್ಗಬೇಡಿ, ಮಕ್ಕಳಿಗೂ ಹೇಳಿ. ಎರಡು ಗಂಟೆ ಸಾಕು ಎನ್ನುವವರಿದ್ದಾರೆ. ನನ್ನ ಲೆಕ್ಕದಲ್ಲಿ ಅರ್ಧ ದಿನ ಇಟ್ಟುಕೊಳ್ಳಿ. ಇನ್ನೂ ಹೊತ್ತಿದ್ದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿ. ಅಲ್ಲೂ ಹೊರಗೆ ಒಂದು ಮಾರುತ್ ಇದೆ. ಎರಡನ್ನೂ ಒಂದೇ ದಿನ ನೋಡಿ, ಎರಡರ ಬಣ್ಣ, ಪ್ಯಾನೆಲ್, ನಂಬರ್ ಹೋಲಿಸಿ ಬರೆದುಕೊಳ್ಳಿ.